ಅನ್ನ ಮುಟ್ಟಿ ಹೇಳಿ

“ರೀ ಮೇಡಂ... ಒಂದ್ನಿಮಿಷ! ಈಗ ಏನಂದ್ರಿ ನೀವು?”

ಮಾನ್ಯಳ ಕೈಯಲ್ಲಿದ್ದ ನವಿಲುಕೋಸು ಜಾರಿ ಬುಟ್ಟಿಗೆ ಬಿತ್ತು.

ಬೆಳಿಗ್ಗೆ ಏಳರ ಹಾಸನದ ತರಕಾರಿ ಮಾರುಕಟ್ಟೆ. ಆಲೂಗೆಡ್ಡೆ ಮೂಟೆಗಳ ಹಿಂದಿನಿಂದ ಎದ್ದು ಬಂದವನು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಹಣೆಯಲ್ಲಿ ವಿಭೂತಿ, ವಿಭೂತಿಯ ಮೇಲೆ ಮೂಟೆಯ ಕೆಂಧೂಳು, ಕಣ್ಣಲ್ಲಿ ಬೆಂಕಿ!

“ನಾನು... ನಾನೇನಂದೆ?”

“ಈ ಅಕ್ಕ ನಮ್ಮಂಗಡಿಗೇ ಅಂತ ಬಂದಿದ್ರು. ಎರಡು ಕೆಜಿ ತೂಕ ಹಾಕ್ತಾ ಇದ್ದೆ. ನೀವು ಪಕ್ಕದಂಗಡಿಲಿ ನಿಂತ್ಕಂಡು, ‘ಶುಗರ್ ಇದೆ ಅಂತೀರ, ಆಲೂಗೆಡ್ಡೆ ಯಾಕಕ್ಕ, ನವಿಲುಕೋಸು ತಗಳಿ, ಸಾಗುಗೆ ಹಾಕಿದ್ರೆ ಗೊತ್ತೇ ಆಗಲ್ಲ’ ಅಂದ್ರಿ. ಅಂದ್ರೋ ಇಲ್ವೋ?”

“ಅಂದೆ...”

“ಹಾಸನದಲ್ಲಿ ನಿಂತ್ಕಂಡು, ಅದೂ ಆಲೂಗೆಡ್ಡೆ ಮಂಡಿ ಮುಂದೇನೇ ನಿಂತ್ಕಂಡು, ಆಲೂಗೆಡ್ಡೆ ತಿನ್ಬೇಡಿ ಅನ್ನೋಕೆ ಎಷ್ಟು ಧೈರ್ಯ ರೀ ನಿಮ್ಗೆ!”

ಆ ಅಕ್ಕ ಇಬ್ಬರ ಮುಖವನ್ನೂ ನೋಡಿದರು. ತಕ್ಕಡಿಯಲ್ಲಿದ್ದ ಆಲೂಗೆಡ್ಡೆಯನ್ನು ಮೆಲ್ಲಗೆ ರಾಶಿಗೆ ಸುರಿದು, ಎರಡು ನವಿಲುಕೋಸು ಆರಿಸಿಕೊಂಡು ನಡೆದೇಬಿಟ್ಟರು!

ಮೂಟೆ ಹೊರುತ್ತಿದ್ದವರು ಗೊಳ್ಳೆಂದು ನಕ್ಕರು. “ರುದ್ರೇಶಣ್ಣ, ಒಳ್ಳೆ ಬೋಣಿ ಆಯ್ತು ಬುಡಿ!”

ಮಾನ್ಯಳ ಕಿವಿ ಬಿಸಿಯಾಯಿತು. ಆದರೂ ತಲೆ ತಗ್ಗಿಸಲಿಲ್ಲ. “ನಾನು ಸುಳ್ಳಂತೂ ಹೇಳ್ಲಿಲ್ಲ ಸರ್,” ಎಂದಳು.

ಅವನು ಇನ್ನೂ ಬೈಯುತ್ತಲೇ ಇದ್ದ. ಬೈಯುತ್ತಲೇ ಬಗ್ಗಿ, ಅವಳ ಹೂಕೋಸಿನ ಚೀಲಕ್ಕೆ ಬಾಯಿ ಹಾಕಲು ಬಂದಿದ್ದ ಹಸುವನ್ನು ಅತ್ತ ತಳ್ಳಿ, ಚೀಲವನ್ನು ಎತ್ತಿ ಮೂಟೆಯ ಮೇಲೆ ಇಟ್ಟ.

ಅವನು ಮಾಡಿದ್ದು ಅವನಿಗೇ ಗೊತ್ತಿರಲಿಲ್ಲ. ಅವಳಿಗೂ ಅದು ಹೊಳೆದದ್ದು ಮನೆಗೆ ಬಂದು ಹೂಕೋಸು ತುರಿಯಲು ಕೂತಾಗ. ಅರೆ! ಅಷ್ಟು ಬೈದವನು ಚೀಲ ಯಾಕೆ ಕಾಪಾಡಿದ?

* * *

ಮಾನ್ಯಳದು ಒಂದೇ ಶಟರ್‌ನ ಅಡುಗೆಮನೆ. ಬಾಗಿಲ ಮೇಲೆ ‘ಸಕ್ಕರೆ ಇರುವವರಿಗೆ ಊಟ’ ಎಂಬ ಚಿಕ್ಕ ಬೋರ್ಡು. ಮಧ್ಯಾಹ್ನದ ಹೊತ್ತಿಗೆ ಅಲ್ಲಿಂದ ನಲವತ್ತು ಕ್ಯಾರಿಯರ್‌ಗಳು ಹೊರಡುತ್ತಿದ್ದವು.

ಒಳಗೆ ಅನ್ನದ ಪಾತ್ರೆಯೇ ಇರಲಿಲ್ಲ. ಹೂಕೋಸನ್ನು ಸಣ್ಣಗೆ ತುರಿದು, ಬಟ್ಟೆಯಲ್ಲಿ ಹಿಂಡಿ, ಕಬ್ಬಿಣದ ಬಾಣಲೆಯಲ್ಲಿ ಮುಚ್ಚಳ ಹಾಕದೆ ಬಾಡಿಸಿದರೆ ಬಿಡಿಬಿಡಿ ಅನ್ನದಂತೆಯೇ ಉದುರುತ್ತಿತ್ತು. ಮರೆತು ಮುಚ್ಚಳ ಹಾಕಿದರೆ ಮುಗಿಯಿತು, ಹಿಟ್ಟು! ಆಲೂಗೆಡ್ಡೆಯ ಜಾಗದಲ್ಲಿ ನವಿಲುಕೋಸು. ಶಾವಿಗೆಯ ಜಾಗದಲ್ಲಿ ಎಳೆ ಸೋರೆಕಾಯಿಯ ಎಳೆಗಳು. ಮುದ್ದೆಗೆ ಮಾತ್ರ ಅವಳು ಬದಲಿ ಹುಡುಕಲಿಲ್ಲ. ಅದನ್ನು ನಿಂಬೆಹಣ್ಣಿನಷ್ಟು ಕಟ್ಟಿ, ಜೊತೆಗೆ ಬಸ್ಸಾರನ್ನು ಧಾರಾಳವಾಗಿ ಕೊಡುತ್ತಿದ್ದಳು.

ಮೂರನೆಯ ದಿನ ಶಟರ್ ಮುಂದೆ ನೆರಳು ಬಿತ್ತು. ತಲೆಯೆತ್ತಿದವಳು ಬೆಚ್ಚಿಬಿದ್ದಳು. ಅದೇ ವಿಭೂತಿ! ಅದೇ ಆಲೂಗೆಡ್ಡೆ ಮಂಡಿಯವನು!

“ಇಲ್ಲಿಗೂ ಬಂದ್ರಾ ಜಗಳಕ್ಕೆ?”

“ಇಲ್ಲ... ಊಟಕ್ಕೆ,” ಎಂದ ರುದ್ರೇಶ. ದನಿ ಪೂರ್ತಿ ಇಳಿದುಹೋಗಿತ್ತು. “ನನಗಲ್ಲ. ನಮ್ಮಪ್ಪಾಜಿಗೆ.”

ಅವನ ತಂದೆ ಚಂದ್ರಶೇಖರಯ್ಯನವರಿಗೆ ಹತ್ತು ವರ್ಷದಿಂದ ಸಕ್ಕರೆ. ಕಣ್ಣಿಗೆ ಪೊರೆ ಬಂದಿತ್ತು. ಕಾಲಿನ ಹೆಬ್ಬೆರಳಿನ ಗಾಯ ಮೂರು ತಿಂಗಳಾದರೂ ಒಣಗಿರಲಿಲ್ಲ.

“ಹೀಗೇ ಇದ್ರೆ ಬೆರಳು ತೆಗೀಬೇಕಾಗ್ತದೆ ಅಂದವ್ರೆ ಡಾಕ್ಟ್ರು. ಅವರು ಅನ್ನ ಬಿಡಲ್ಲ ಮೇಡಂ. ಹೂಕೋಸಂದ್ರೆ ತಟ್ಟೆ ಎಸೀತಾರೆ. ಮನೇಲಿ ಅಮ್ಮ ಕಮ್ಮಿ ಬಡಿಸಿದ್ರೆ ಹೋಟ್ಲಿಗೆ ಹೋಗ್ತಾರೆ. ನೀವು... ಅನ್ನ ಅಂತ ಹೇಳಿ ಕೊಡೋ ಹಂಗೆ ಮಾಡ್ಕೊಡಿ. ಅವರಿಗೆ ಗೊತ್ತಾಗಬಾರ್ದು.”

“ಇನ್ಸುಲಿನ್ ಸೂಜಿ ತಗೊಳ್ತಾರಾ?”

“ಬೆಳಿಗ್ಗೆ, ಸಂಜೆ. ಅಮ್ಮ ಹಾಕ್ತಾರೆ.”

“ಹಾಗಾದ್ರೆ ಆಗಲ್ಲ!” ಮಾನ್ಯ ತುರಿಯುವುದನ್ನು ನಿಲ್ಲಿಸಿಯೇಬಿಟ್ಟಳು. “ಸೂಜಿ ತಗೊಳ್ಳೋರಿಗೆ ತಟ್ಟೇಲಿರೋದು ಏನು ಅಂತ ಗೊತ್ತಿರ್ಲೇಬೇಕು. ಅನ್ನ ಅಂತ ಲೆಕ್ಕ ಹಾಕಿ ಸೂಜಿ ಹಾಕಿದ್ರೆ, ಹೊಟ್ಟೆಗೆ ಹೋಗಿರೋದು ಕೋಸಾದ್ರೆ... ಸಕ್ಕರೆ ಪಾತಾಳಕ್ಕೆ ಹೋಗುತ್ತೆ. ಮನುಷ್ಯ ಉಳಿಯಲ್ಲ.”

ಅವನು ಅವಳನ್ನೇ ನೋಡಿದ. “ಇಷ್ಟೆಲ್ಲ ನಿಮ್ಗೆ ಹೆಂಗೆ ಗೊತ್ತು?”

ಮಾನ್ಯ ಮುಖ ತಿರುಗಿಸಿದಳು. “ಓದಿದ್ದೀನಿ.”

ಅದು ಅವಳು ಅವನಿಗೆ ಹೇಳಿದ ಮೊದಲ ಸುಳ್ಳು.

ಅವಳಿಗೆ ಹದಿನಾಲ್ಕನೆಯ ವಯಸ್ಸಿನಲ್ಲೇ ಸಕ್ಕರೆ ಬಂದಿತ್ತು. ಮಕ್ಕಳಿಗೆ ಬರುವ, ಸೂಜಿ ಬಿಟ್ಟರೆ ಬೇರೆ ದಾರಿಯಿಲ್ಲದ ಸಕ್ಕರೆ. ದಿನಕ್ಕೆ ನಾಲ್ಕು ಸಲ ಸೂಜಿ, ನಾಲ್ಕು ಸಲ ಬೆರಳು ಚುಚ್ಚಿ ರಕ್ತ. ಈಗ ಅವಳಿಗೆ ಇಪ್ಪತ್ತೇಳು. ಹೊಳೆನರಸೀಪುರದಲ್ಲಿದ್ದ ತಾಯಿ ಅನಸೂಯಮ್ಮ ಫೋನಿನಲ್ಲಿ ದಿನವೂ ಹೇಳುತ್ತಿದ್ದುದು ಒಂದೇ ಮಾತು: “ಯಾರ ಮುಂದೆನೂ ಬಾಯಿ ಬಿಡ್ಬೇಡ ಮಗ. ಮದುವೆ ಆಗೋವರೆಗೂ.”

ಎರಡು ದಿನ ಬಿಟ್ಟು ರುದ್ರೇಶ ಮತ್ತೆ ಬಂದ. ಕೈಯಲ್ಲಿ ಡಾಕ್ಟರ ಚೀಟಿ.

“ಡಾಕ್ಟ್ರಿಗೆ ಎಲ್ಲ ಹೇಳ್ದೆ. ಸೂಜಿ ಕಮ್ಮಿ ಮಾಡಿ ಬರ್ದುಕೊಟ್ಟವ್ರೆ. ಅಮ್ಮಂಗೂ ಎಷ್ಟು ಹಾಕ್ಬೇಕು ಅಂತ ತೋರ್ಸಿದ್ದೀನಿ, ಕೋಸಿನ ವಿಷಯ ಮಾತ್ರ ಹೇಳಿಲ್ಲ. ಈಗ್ಲಾದ್ರೂ...?”

ಕಾಲಿನ ಬೆರಳು ಎಂಬ ಮಾತು ಮಾನ್ಯಳ ತಲೆಯಿಂದ ಹೋಗಿರಲಿಲ್ಲ. “ಗಾಯ ಒಣಗೋವರೆಗೆ ಮಾತ್ರ,” ಎಂದಳು. “ಆಮೇಲೆ ನೀವೇ ನಿಜ ಹೇಳ್ಬೇಕು.”

* * *

ಮೊದಲ ವಾರ ಮೂರು ಪಾಲು ಕೋಸಿಗೆ ಒಂದು ಪಾಲು ಅಕ್ಕಿ. ಆಮೇಲೆ ಅದೂ ಇಲ್ಲ. ರುದ್ರೇಶ ದಿನವೂ ಹನ್ನೆರಡೂವರೆಗೆ ಬಂದು ಕ್ಯಾರಿಯರ್ ಒಯ್ಯುತ್ತಿದ್ದ. ಮರುದಿನ ತೊಳೆದು, ಒರೆಸಿ ತರುತ್ತಿದ್ದ. ಖಾಲಿ ಮಾತ್ರ ಎಂದೂ ತರಲಿಲ್ಲ! ಒಂದು ದಿನ ಹಸಿ ಕಡಲೆಕಾಯಿ. ಒಂದು ದಿನ ಎರಡು ನಿಂಬೆಹಣ್ಣು. ಒಂದು ದಿನ ಹೊಸ ಕರಿಬೇವಿನ ಗೊಂಚಲು.

ಅರಕಲಗೂಡಿನ ಮಲ್ಲಿಪಟ್ಟಣದ ಕಡೆಯಿಂದ ಹೂಕೋಸು ಬಂದ ದಿನ, ತನ್ನ ಆಲೂಗೆಡ್ಡೆಯ ಹರಾಜು ಬಿಟ್ಟು ಅವನೇ ನಿಂತು, ಹುಳ ಇಲ್ಲದ್ದನ್ನು ಆರಿಸಿ ಅವಳಿಗೆ ತಂದುಕೊಟ್ಟ.

“ನಿಮ್ಮ ಮಂಡಿಯವರು ನೋಡಿದ್ರೆ ಏನಂದ್ಕೋತಾರೆ?”

“ಆಗ್ಲೇ ಅಂದಾಯ್ತು. ನಂಗೆ ‘ಕೋಸು ರುದ್ರೇಶ’ ಅಂತ ಹೆಸರಿಟ್ಟವ್ರೆ!”

ಅವಳು ನಕ್ಕಳು. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ನಕ್ಕಳು. ಆಮೇಲೆ ಒಬ್ಬಳೇ ಕೂತಾಗ ಎದೆ ಜುಮ್ಮೆಂದಿತು. ಬೇಡ ಮಾನ್ಯ... ಬೇಡ. ನಿನ್ನ ಚೀಲದಲ್ಲಿರೋದು ಗೊತ್ತಾದ ದಿನ ಈ ಕರಿಬೇವು ನಿಂತುಹೋಗುತ್ತೆ.

ಒಂದು ಮಧ್ಯಾಹ್ನ ಅವನು ಬರಲಿಲ್ಲ. ಲಾರಿ ಬಂದಿದೆ ಎಂದು ಫೋನ್ ಮಾಡಿದ. ಮಾನ್ಯಳೇ ಕ್ಯಾರಿಯರ್ ಹಿಡಿದು ಮಂಡಿಗೆ ಹೋದಳು.

ಚಂದ್ರಶೇಖರಯ್ಯನವರು ಮಣೆಯ ಮೇಲೆ ಕೂತಿದ್ದರು. ಬಿಳಿ ಜುಬ್ಬ, ಕಾಲಿಗೆ ಬ್ಯಾಂಡೇಜು. ಹೆಂಡತಿ ನೀಲಗಂಗಮ್ಮ ತಟ್ಟೆಗೆ ಬಡಿಸಿದರು. ಚಂದ್ರಶೇಖರಯ್ಯನವರು ಒಂದು ತುತ್ತು ಬಾಯಿಗಿಟ್ಟು ಅಗಿದರು. ಎರಡನೆಯ ತುತ್ತನ್ನು ಬೆರಳಲ್ಲಿ ಹೊಸಕಿದರು.

“ಯಾಕ್ಲಾ ರುದ್ರ... ಈ ಅನ್ನ ಒಂಥರಾ ಅದೆ. ಗಂಜಿ ಅಂಟೇ ಇಲ್ವಲ್ಲ?”

ಮಾನ್ಯ ಕ್ಯಾರಿಯರ್‌ನ ಮುಚ್ಚಳ ಮುಚ್ಚಿದಳು.

“ಹಳೇ ಅಕ್ಕಿ ಅಪ್ಪಾಜಿ. ಸಕ್ಕರೆ ಇರೋರಿಗೆ ಅಂತ ತರ್ಸದು.”

“ಅನ್ನ ಮುಟ್ಟಿ ಹೇಳು.”

ಮೂಟೆ ಹೊರುತ್ತಿದ್ದವರೂ ತಿರುಗಿ ನೋಡಿದರು. ಈ ಕಡೆ ಅದಕ್ಕಿಂತ ದೊಡ್ಡ ಆಣೆಯಿಲ್ಲ. ದೇವರ ಮೇಲೆ ಸುಳ್ಳಾಡಿದವನೂ ಅನ್ನ ಮುಟ್ಟಿ ಸುಳ್ಳಾಡಲು ಹೆದರುತ್ತಾನೆ.

ರುದ್ರೇಶ ಬಗ್ಗಿ ತಂದೆಯ ತಟ್ಟೆಯ ಮೇಲೆ ಅಂಗೈ ಇಟ್ಟ. “ಅನ್ನ ಮುಟ್ಟಿ ಹೇಳ್ತೀನಿ, ಅಪ್ಪಾಜಿ. ಇದು ಅನ್ನಾನೇ.”

“ಅಂಗಾರೆ ಸರಿ,” ಎಂದು ಮುದುಕರು ನೆಮ್ಮದಿಯಿಂದ ಉಂಡರು.

ಹೊರಗೆ ಬಂದ ಮೇಲೆ ಮಾನ್ಯ ಕೇಳಿದಳು: “ಏನ್ರೀ ನೀವು! ಅನ್ನ ಮುಟ್ಟಿ ಸುಳ್ಳು ಹೇಳಿದ್ರಲ್ಲ!”

ಅವನು ಕಣ್ಣು ಮಿಟುಕಿಸಿದ. “ನಾನೆಲ್ಲಿ ಅನ್ನ ಮುಟ್ಟಿದೆ? ಕೋಸು ಮುಟ್ಟಿದೆ. ಆಣೆ ತಟ್ಟಲ್ಲ ಬುಡಿ!”

ಅವಳಿಗೆ ನಗು ಬಂತು. ನಗಬಾರದಿತ್ತು... ಆದರೂ ಬಂತು.

ಆ ದಿನ ನೀಲಗಂಗಮ್ಮ ಅವಳನ್ನು ಊಟಕ್ಕೆ ನಿಲ್ಲಿಸಿಕೊಂಡರು. ತಮಗಾಗಿ ಮಾಡಿದ್ದ ನಿಜವಾದ ಅನ್ನ, ಸಾರು. ಮಾನ್ಯ ಕೈ ತೊಳೆದು ಬರುತ್ತೇನೆಂದು ಮೂಟೆಗಳ ಹಿಂದಿನ ಸಂದಿಗೆ ಹೋದಳು. ಚೀಲದಿಂದ ಸೂಜಿಯ ಪೆನ್ನು ತೆಗೆದು, ಅದರ ತಲೆಯನ್ನು ತಿರುವಿದಳು, ಒಂದೊಂದು ಟಕ್ಕಿಗೆ ಒಂದೊಂದು ಅಳತೆ ಔಷಧಿ. ಟಕ್... ಟಕ್...

“ಎಷ್ಟವ್ವ ನಿಂದು?”

ಅವಳ ಕೈಯಿಂದ ಪೆನ್ನು ಬೀಳುವುದೊಂದು ಬಾಕಿ! ಚಂದ್ರಶೇಖರಯ್ಯನವರು ಕೋಲೂರಿಕೊಂಡು ನಿಂತಿದ್ದರು.

“ಅಪ್ಪಾಜಿ... ನಾನು...”

“ನನ್ನ ಕಣ್ಗೆ ಪೊರೆ ಬಂದದೆ ಮಗ, ಕಿವಿಗಲ್ಲ. ಈ ಟಕ್ ಟಕ್ಕು ನಂಗೊತ್ತಿಲ್ವಾ? ದಿನಾ ಕೇಳೋದೇ.” ಅವರ ದನಿ ಮೆತ್ತಗಾಯಿತು. “ಇಷ್ಟ್ ಚಿಕ್ಕ ವಯಸ್ಗೆ ಬಂದ್ಬುಡ್ತಾ ನಿಂಗೆ?”

ಅವಳ ಕಣ್ಣು ತುಂಬಿತು. “ಯಾರಿಗೂ ಹೇಳ್ಬೇಡಿ ಅಪ್ಪಾಜಿ. ರುದ್ರೇಶ್ ಅವರಿಗೂ...”

“ನಾನ್ಯಾಕವ್ವ ಹೇಳ್ಲಿ? ಅದು ನಿನ್ ಮಾತು, ನೀನೇ ಹೇಳ್ಬೇಕು.” ಅವರು ಸುಮ್ಮನೆ ಕೇಳುವಂತೆ ಕೇಳಿದರು: “ಒಂದು ಸೌಟು ಅನ್ನಕ್ಕೆ ಎಷ್ಟು ಟಕ್ಕು?”

“ಎರಡು. ಆದ್ರೆ ಅದು ನನ್ನ ಲೆಕ್ಕ ಅಪ್ಪಾಜಿ. ಒಬ್ಬೊಬ್ಬರದು ಒಂದೊಂದು.”

“ಹ್ಞೂಂ ಹ್ಞೂಂ, ಸುಮ್ಕೆ ಕೇಳ್ದೆ.” ಅವರು ಸಂದಿಗೆ ಅಡ್ಡವಾಗಿ, ಬೆನ್ನು ತಿರುಗಿಸಿ ನಿಂತರು. “ಆಕ್ಕೊ. ಯಾರೂ ಬರ್ದಂಗೆ ನಾ ನೋಡ್ಕತೀನಿ.”

ಆ ಬೆನ್ನಿನ ಮರೆಯಲ್ಲಿ ಮಾನ್ಯ ಸೂಜಿ ಹಾಕಿಕೊಂಡಳು. ಹದಿಮೂರು ವರ್ಷದಲ್ಲಿ ಮೊದಲ ಸಲ ಅವಳಿಗೆ ಯಾರೋ ಕಾವಲು ನಿಂತಿದ್ದರು.

* * *

ಹೆಬ್ಬೆರಳಿನ ಗಾಯ ಅಂಚಿನಿಂದ ಒಣಗತೊಡಗಿತು. ಡಾಕ್ಟರು ಬೆರಳು ತೆಗೆಯುವ ಮಾತನ್ನು ಬಿಟ್ಟರು. ಆ ಸುದ್ದಿ ಹೇಳಲು ಓಡಿ ಬಂದ ರುದ್ರೇಶ ಶಟರ್‌ನ ಕಂಬಕ್ಕೆ ಒರಗಿ ಏದುಸಿರು ಬಿಡುತ್ತಿದ್ದ.

“ಇನ್ನೆರಡು ವಾರ. ಆಮೇಲೆ ಅಪ್ಪಾಜಿಗೆ ನಿಜ ಹೇಳ್ಬುಡ್ತೀನಿ. ಮಾನ್ಯ... ಇನ್ನೊಂದು ವಿಷಯ.”

“ಏನು?”

“ಭಾನುವಾರ ಅಪ್ಪಾಜಿ, ಅಮ್ಮನ್ನ ಕರ್ಕೊಂಡು ಹೊಳೆನರಸೀಪುರಕ್ಕೆ ಬರ್ಲಾ? ನಿಮ್ಮನೆಗೆ?”

ಅವಳ ಕೈಯಲ್ಲಿದ್ದ ಸೌಟು ಬಾಣಲೆಗೆ ತಾಗಿ ಠಣ್ ಎಂದಿತು. ಅಡುಗೆಮನೆಯ ಹೊಗೆ, ಬೀದಿಯ ಆಟೋ ಸದ್ದು ಎಲ್ಲವೂ ದೂರವಾದವು.

“ನನಗೆ... ಎರಡು ದಿನ ಟೈಮ್ ಕೊಡಿ. ನಿಮಗೊಂದು ಮಾತು ಹೇಳ್ಬೇಕು. ಹೇಳಿದ್ಮೇಲೂ ಬರ್ತೀನಿ ಅಂದ್ರೆ ಬನ್ನಿ.”

“ಏನೇ ಹೇಳಿದ್ರೂ ಬರ್ತೀನಿ.”

‘ಕೇಳದೇನೇ ಹೇಳ್ಬೇಡಿ ರುದ್ರೇಶ್...’ ಎಂದುಕೊಂಡಳು.

ಹೇಳಲು ಅವಳಿಗೆ ಎರಡು ದಿನ ಸಿಗಲೇ ಇಲ್ಲ!

ಮರುದಿನ ಚಿತ್ರಾನ್ನ ಮಾಡಿದ್ದಳು. ನಿಂಬೆರಸ, ಕಡಲೆಕಾಯಿ ಬೀಜ, ಅರಿಶಿನ ಹಾಕಿದ ಹೂಕೋಸು. ಎರಡೂವರೆಗೆ ಫೋನ್ ಬಂತು.

“ಮಾನ್ಯ... ಅಪ್ಪಾಜಿ... ಅಪ್ಪಾಜಿ ಏನೇನೋ ಮಾತಾಡ್ತಾವ್ರೆ. ನನ್ನ ಗುರುತೇ ಸಿಕ್ತಿಲ್ಲ...”

ಅವಳು ಒಲೆ ಆರಿಸಿ ಓಡಿದಳು. ಒಂದು ಬೀದಿ ದಾಟಿದರೆ ಮಂಡಿ. ಆ ಒಂದು ಬೀದಿ ಮುಗಿಯಲೇ ಇಲ್ಲ.

ಚಂದ್ರಶೇಖರಯ್ಯನವರು ಮೂಟೆಗೆ ಒರಗಿ ಕೂತಿದ್ದರು. ಜುಬ್ಬ ಬೆವರಿನಲ್ಲಿ ತೊಯ್ದು ಮೈಗಂಟಿತ್ತು. ಕೈ ನಡುಗುತ್ತಿತ್ತು. “ದಂಡಿಗನಹಳ್ಳಿ ಗಾಡಿ ಬಂತಾ... ಗಾಡಿ ಬಂತಾ...” ಎಂದು ಗೊಣಗುತ್ತಿದ್ದರು.

“ಶುಗರ್ ಏರ್ಬುಟ್ಟದೆ!” ನೀಲಗಂಗಮ್ಮ ಎದೆ ಬಡಿದುಕೊಳ್ಳುತ್ತಿದ್ದರು. “ಚಿತ್ರಾನ್ನ ಅಂತ ಜಾಸ್ತಿ ತಿಂದ್ಬುಟ್ರು. ಸೂಜಿ ಆಕು ರುದ್ರ! ಬೇಗ ಆಕು!”

ಗಾಬರಿಯಲ್ಲಿ ತಟ್ಟೆಯಲ್ಲಿದ್ದದ್ದು ಕೋಸೆಂಬುದನ್ನೇ ಮರೆತ ರುದ್ರೇಶನ ಕೈಯಲ್ಲಿ ಪೆನ್ನು ಸಿದ್ಧವಾಗಿತ್ತು. ಸೂಜಿಯ ತುದಿ ತಂದೆಯ ಹೊಟ್ಟೆಗೆ ಒಂದು ಗೇಣು ದೂರ...

“ಹಾಕ್ಬೇಡಿ!”

ಮಾನ್ಯಳ ಕೂಗಿಗೆ ಇಡೀ ಮಂಡಿ ತಿರುಗಿತು. ಅವಳು ಅವನ ಕೈಯನ್ನು ತಳ್ಳಿ, ಮಂಡಿಯೂರಿ, ತನ್ನ ಚೀಲವನ್ನು ನೆಲಕ್ಕೆ ಸುರಿದಳು. ಸಕ್ಕರೆ ನೋಡುವ ಮಿಷನ್ ತೆಗೆದು ಮುದುಕರ ಬೆರಳು ಚುಚ್ಚಿದಳು. ಐದು ಸೆಕೆಂಡು.

ನಲವತ್ತನಾಲ್ಕು!

“ಏರಿಲ್ಲ... ಇಳಿದುಹೋಗಿದೆ! ನೀರು ಕೊಡಿ!” ಅವಳ ಚೀಲದಲ್ಲೇ ಗ್ಲೂಕೋಸ್ ಪೊಟ್ಟಣವಿತ್ತು. ನೀರಿಗೆ ಕದಡಿ, “ಅಪ್ಪಾಜಿ, ನುಂಗಿ... ನಾನು ಮಾನ್ಯ, ನುಂಗಿ ಅಪ್ಪಾಜಿ,” ಎಂದು ಚಮಚ ಚಮಚವಾಗಿ ಕುಡಿಸಿದಳು. ಅವರು ನುಂಗಿದರು. ಮತ್ತೆ ನುಂಗಿದರು.

ಹದಿನೈದು ನಿಮಿಷ. ಮಿಷನ್ ಎಪ್ಪತ್ತೆಂಟು ತೋರಿಸಿತು. ಮುದುಕರು ಕಣ್ಣು ಬಿಟ್ಟು, “ಯಾಕ್ರೋ ಇಂಗ್ ನಿಂತಿದ್ದೀರಾ?” ಎಂದರು.

ಆಗ ನೀಲಗಂಗಮ್ಮನ ಕಣ್ಣು ನೆಲದ ಮೇಲೆ ಬಿತ್ತು. ಮಿಷನ್, ಪಟ್ಟಿಗಳು, ಸೂಜಿಯ ಪೆನ್ನು.

“ಇವೆಲ್ಲ ನಿನ್ ಬ್ಯಾಗಲ್ಲಿ ಯಾಕವ್ವ ಅದೆ?”

ಎಷ್ಟು ವರ್ಷ ಮುಚ್ಚಿಟ್ಟ ಮಾತು! ಎಲ್ಲರ ಮುಂದೆ, ಆಲೂಗೆಡ್ಡೆ ರಾಶಿಯ ನಡುವೆ, ಮಾನ್ಯ ತಲೆ ಎತ್ತಿ ಹೇಳಿದಳು: “ನನಗೂ ಸಕ್ಕರೆ ಇದೆ ಅಮ್ಮ. ಹದಿನಾಲ್ಕನೇ ವಯಸ್ಸಿಂದ.”

ರುದ್ರೇಶನ ಮುಖದಲ್ಲಿ ಬಣ್ಣವೇ ಇರಲಿಲ್ಲ.

* * *

ನರ್ಸಿಂಗ್ ಹೋಂನಲ್ಲಿ ಡಾಕ್ಟರು ಕೇಳಿದರು: “ಯಜಮಾನ್ರೇ, ಬೆಳಿಗ್ಗೆ ಬಿಟ್ಟು ಬೇರೆ ಸೂಜಿ ಏನಾದ್ರೂ ಹಾಕ್ಕೊಂಡ್ರಾ?”

ಚಂದ್ರಶೇಖರಯ್ಯನವರು ತಪ್ಪು ಮಾಡಿದವರಂತೆ ನಕ್ಕರು. “ನಾಕು ಸೌಟು ಚಿತ್ರಾನ್ನ ತಿಂದಿದ್ದೆ ಸಾ. ಬಲ್ ಚೆನ್ನಾಗಿತ್ತು. ಅದ್ಕೇ ಎಂಟು ಟಕ್ಕು ಜಾಸ್ತಿ ಆಕ್ಕಂಡೆ. ಪೆನ್ನು ಜುಬ್ಬದಲ್ಲೇ ಇತ್ತು.”

ಮಾನ್ಯ ಗೋಡೆ ಹಿಡಿದುಕೊಂಡಳು. ಒಂದು ಸೌಟಿಗೆ ಎರಡು. ಅಯ್ಯೋ... ಆ ಲೆಕ್ಕ!

“ಅದು ನಾನು ಹೇಳಿದ್ದು ಡಾಕ್ಟರ್,” ಎಂದಳು. “ನನ್ನ ಲೆಕ್ಕ ಹೇಳಿದ್ದೆ. ಇವರು ತಮಗೆ ಇಟ್ಕೋತಾರೆ ಅಂತ ಗೊತ್ತಿರ್ಲಿಲ್ಲ. ಗೊತ್ತಾಗ್ಬೇಕಿತ್ತು.”

“ಆ ಮಗೀನ ತಪ್ಪೇನದೆ?” ಎಂದರು ಮುದುಕರು. “ಅನ್ನಕ್ಕೆ ಆಕ್ಕಂಡೆ, ಅಷ್ಟೇಯ.”

“ಅದು ಅನ್ನ ಅಲ್ಲ ಅಪ್ಪಾಜಿ.”

ರುದ್ರೇಶ ಮಂಚದ ಕಾಲ ಬಳಿ ನಿಂತಿದ್ದ. “ಹೂಕೋಸು. ಒಂದು ಅಗುಳೂ ಅಕ್ಕಿ ಇರ್ಲಿಲ್ಲ. ಒಂದೂವರೆ ತಿಂಗಳಿಂದ.”

ಚಂದ್ರಶೇಖರಯ್ಯನವರು ಮಗನತ್ತ ತಿರುಗಿದರು. “ಅನ್ನ ಮುಟ್ಟಿ ಹೇಳಿದ್ಯಲ್ಲೋ ರುದ್ರ...” ಎಂದಷ್ಟೇ ಅಂದು ಗೋಡೆಯ ಕಡೆ ಹೊರಳಿಕೊಂಡರು.

ಹೊರಗಿನ ಬೆಂಚಿನ ಮೇಲೆ ನೀಲಗಂಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಹೆದರಿಕೆ ಇಳಿದು ಸಿಟ್ಟು ಬಂದಿತ್ತು. “ಒಬ್ಬ ತಟ್ಟೇಲಿರೋದ ಮುಚ್ಚಿಟ್ಟ. ಒಬ್ಳು ಮೈಲಿರೋದ ಮುಚ್ಚಿಟ್ಲು. ಮಧ್ಯದಲ್ಲಿ ನನ್ ಗಂಡನ ಜೀವ ಓಗ್ತಿತ್ತು.”

ಮಾನ್ಯ ರುದ್ರೇಶನನ್ನು ನೋಡಿದಳು. ಒಂದು ಮಾತು... ಒಂದೇ ಒಂದು ಮಾತು ಆಡಿ ರುದ್ರೇಶ್!

ಅವನು ತನ್ನ ಅಂಗೈಯನ್ನೇ ನೋಡುತ್ತ ಕೂತಿದ್ದ. ತಲೆ ಎತ್ತಲೇ ಇಲ್ಲ.

ಅವಳಿಗೆ ಅರ್ಥವಾಯಿತು. ಅರ್ಥವಾಯಿತೆಂದು ಅವಳು ಅಂದುಕೊಂಡಳು. ಚೀಲ ಎತ್ತಿಕೊಂಡು ಹೊಳೆನರಸೀಪುರದ ಬಸ್ಸು ಹತ್ತಿದಳು.

* * *

ಹನ್ನೆರಡು ದಿನ. ಹಾಸನದ ಶಟರ್ ಮುಚ್ಚಿಯೇ ಇತ್ತು. ಅನಸೂಯಮ್ಮ ಮೊದಮೊದಲು ಗೊಣಗಿದರು, “ಬಾಯಿ ಬಿಡ್ಬೇಡ ಅಂತ ಬಡ್ಕೊಂಡೆ” ಎಂದರು. ಮಗಳು ತಟ್ಟೆಯ ಮುಂದೆ ಕೂತು ಸುಮ್ಮನೆ ಅಳುವುದನ್ನು ನೋಡಿದ ಮೇಲೆ ಗೊಣಗುವುದನ್ನು ನಿಲ್ಲಿಸಿದರು. ಅವಳ ತಟ್ಟೆಗೆ ಎಷ್ಟು ಬಡಿಸಬೇಕೆಂದು ಮೊದಲ ಸಲ ಕೇಳಿ ಕಲಿತರು.

ಭಾನುವಾರ ಮಧ್ಯಾಹ್ನ ಬಾಗಿಲು ಸದ್ದಾಯಿತು.

ಬಾಗಿಲು ತೆರೆದ ಮಾನ್ಯ ಕಲ್ಲಾದಳು. ರುದ್ರೇಶ! ಕೈಯಲ್ಲಿ ಅವಳದೇ ಕ್ಯಾರಿಯರ್.

“ಇದು ನಮ್ಮನೇಲೇ ಉಳಿದಿತ್ತು,” ಎಂದ. ಹನ್ನೆರಡು ದಿನದಲ್ಲಿ ಇಳಿದುಹೋಗಿದ್ದ. “ಒಳಗೆ ಬರ್ಲಾ?”

ಅನಸೂಯಮ್ಮ ಅವನನ್ನು ಕೂರಿಸಿದರು. ಅವನು ಕ್ಯಾರಿಯರ್ ಬಿಚ್ಚಿದ. ಮೇಲಿನ ಡಬ್ಬಿಯಲ್ಲಿ ನವಿಲುಕೋಸಿನ ಪಲ್ಯ.

“ಅಮ್ಮ ಮಾಡಿದ್ದು. ಆಲೂಗೆಡ್ಡೆ ಮಂಡಿಯೋರ ಮನೇಲಿ ಮೊದಲ್ನೇ ಸಲ. ‘ಆವತ್ತು ಬಾಯಿಗೆ ಬಂದಂಗೆ ಅಂದ್ಬುಟ್ಟೆ, ಆ ಮಗ ಇಲ್ದಿದ್ರೆ ನಾವೇ ಸೂಜಿ ಹಾಕಿ ಕಳಕೊಂಡಿರ್ತಿದ್ವು’ ಅಂತ ಅಳ್ತಾ ಮಾಡಿದ್ರು. ಉಪ್ಪು ಜಾಸ್ತಿ ಆಗಿದ್ರೆ ಅದಕ್ಕೇ.”

ಎರಡನೆಯ ಡಬ್ಬಿಯಲ್ಲಿ ಕರಿಬೇವು. ಮೂರನೆಯದು ಖಾಲಿ!

ಮಾನ್ಯ ಅವನ ಮುಖ ನೋಡಿದಳು. ಎಂದೂ ಖಾಲಿ ತಂದವನಲ್ಲ.

“ಸಂಬಂಧ ಕೇಳೋಕೆ ಬರೋರು ಸಕ್ಕರೆ ತರ್ಬೇಕಲ್ವಾ?” ಅವನು ತಡವರಿಸಿದ. “ತಂದ್ರೆ ಮಾವನೂ ತಿನ್ನಂಗಿಲ್ಲ, ಸೊಸೆನೂ ತಿನ್ನಂಗಿಲ್ಲ. ಏನು ಹಾಕೋದು ಅಂತ ಗೊತ್ತಾಗ್ಲಿಲ್ಲ. ಖಾಲಿ ತಂದ್ಬುಟ್ಟೆ.”

ಅನಸೂಯಮ್ಮ ಬಾಯಿಗೆ ಸೆರಗು ಒತ್ತಿಕೊಂಡರು.

“ನೀವು ಆವತ್ತು ತಲೆ ಎತ್ತಿ ನೋಡ್ಲೇ ಇಲ್ಲ,” ಎಂದಳು ಮಾನ್ಯ. “ನನ್ನ ಕಾಯಿಲೆಗೆ ಹೆದರಿದ್ರಿ.”

“ಕಾಯಿಲೆಗಾ!” ಅವನು ನಿಜವಾಗಿಯೂ ಬೆಚ್ಚಿದ. “ನನ್ನ ಕೈ ನೋಡ್ಕೋತಿದ್ದೆ ಮಾನ್ಯ. ಅಪ್ಪಾಜಿ ತಟ್ಟೆ ಮುಟ್ಟಿದ ಕೈ. ಅದೇ ಕೈಯಲ್ಲಿ ಸೂಜಿನೂ ಹಿಡಿದಿದ್ದೆ. ನೀವು ಒಂದು ನಿಮಿಷ ತಡ ಆಗಿದ್ರೆ... ನಿಮ್ಮ ಮುಖ ನೋಡೋಕೆ ನಂಗೆ ಯಾವ ಮುಖ ಇತ್ತು? ಅಪ್ಪಾಜಿ ಹನ್ನೊಂದು ದಿನ ನನ್ನ ಹತ್ರ ಮಾತಾಡ್ಲಿಲ್ಲ. ನಿನ್ನೆ ಮಾತಾಡಿದ್ರು. ‘ಆ ಮಗೀನ ಡಬ್ಬಿ ವಾಪಸ್ ಕೊಟ್ ಬಾ. ಕೊಡೋವಾಗ ನಿಜ ಏಳು’ ಅಂದ್ರು.”

ಅವನು ಅಂಗೈ ಚಾಚಿದ. ಮಾನ್ಯ ನೋಡಿದಳು. ಬೆರಳ ತುದಿಗಳ ತುಂಬ ಸಣ್ಣ ಸಣ್ಣ ಕಪ್ಪು ಚುಕ್ಕೆಗಳು! ಅವಳ ಬೆರಳುಗಳಲ್ಲಿ ಇರುವಂಥದ್ದೇ.

“ಏನಿದು!”

“ಡಾಕ್ಟ್ರನ್ನ ಕೇಳ್ಕೊಂಡು ಒಂದು ಮಿಷನ್ ತಗೊಂಡೆ. ದಿನಕ್ಕೆ ನಾಲ್ಕು ಸಲ. ನೀವು ಹದಿನಾಲ್ಕನೇ ವಯಸ್ಸಿಂದ ಚುಚ್ಕೋತಾ ಇದ್ದೀರಲ್ಲ, ಹೆಂಗಿರ್ತದೆ ಅಂತ ನೋಡ್ಬೇಕಿತ್ತು. ನಾಲ್ಕನೇ ದಿನಕ್ಕೇ ಮೂಟೆ ಹಿಡಿಯೋಕೆ ನೋವು.” ಅವನ ದನಿ ಒಡೆಯಿತು. “ಇಷ್ಟು ನೋವಿಟ್ಕೊಂಡು ದಿನಾ ಹಂಗೆ ನಗ್ತಿದ್ರಲ್ಲ...”

ಮಾನ್ಯ ಅವನ ಬೆರಳುಗಳ ಮೇಲೆ ತನ್ನ ಬೆರಳಿಟ್ಟಳು. ಚುಕ್ಕೆಯ ಮೇಲೆ ಚುಕ್ಕೆ.

“ಅಪ್ಪಾಜಿ ಹೇಗಿದ್ದಾರೆ?” ಎಂದು ಕೊನೆಗೆ ಕೇಳಿದಳು.

“ಗಾಯ ಪೂರ್ತಿ ಒಣಗ್ತು. ಈಗ ಕೋಸು ಅಂತ ಗೊತ್ತಿದ್ದೇ ಉಣ್ತಾರೆ. ಬೈಕೊಂಡೇ ಉಣ್ತಾರೆ. ಹೊರಗೆ ಕಾರಲ್ಲಿ ಕೂತವ್ರೆ, ಅಮ್ಮನ ಜೊತೆ. ಹುಡುಗಿ ಒಪ್ಪಿದ್ರೆ ಮಾತ್ರ ಇಳೀತಾರಂತೆ!”

“ಅಯ್ಯೋ ಶಿವನೇ! ಈ ಬಿಸಿಲಲ್ಲಿ!” ಅನಸೂಯಮ್ಮ ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಓಡಿದರು.

ಹಜಾರದಲ್ಲಿ ಇಬ್ಬರೇ. ನೆಲದ ಮೇಲೆ ಮಾನ್ಯಳಿಗೆಂದು ಬಡಿಸಿಟ್ಟ ತಟ್ಟೆ ಹಾಗೇ ಇತ್ತು.

ರುದ್ರೇಶ ತಟ್ಟೆಯ ಮುಂದೆ ಮಂಡಿಯೂರಿದ. “ಈ ಸಲ ನಿಜವಾಗ್ಲೂ ಅನ್ನ ಮುಟ್ಟಿ ಹೇಳ್ತೀನಿ, ಮಾನ್ಯ...” ಚಾಚಿದ ಕೈ ಅರ್ಧಕ್ಕೇ ನಿಂತಿತು. ಅನುಮಾನದಿಂದ ತಲೆ ಎತ್ತಿದ. “ಮೊದ್ಲು ಹೇಳಿ. ಇದು ಅಕ್ಕಿನಾ... ಹೂಕೋಸಾ?”

ಅಳುತ್ತಲೇ ಅವಳಿಗೆ ನಗು ಬಂದುಬಿಟ್ಟಿತು. “ಅಕ್ಕಿ. ಒಂದು ಸೌಟು. ಎರಡು ಟಕ್ ಹಾಕ್ಕೊಂಡು ಆಗಿದೆ.”

“ಹಾಕ್ಕೊಂಡಾಯ್ತಾ! ಯಾವಾಗ?”

“ನೀವು ಬಾಗಿಲು ಬಡಿಯೋಕೆ ಒಂದು ನಿಮಿಷ ಮುಂಚೆ.”

ಅವನು ಗಡಿಯಾರ ನೋಡಿದ. ಮುಖದಲ್ಲಿ ಗಾಬರಿ. ಹೇಳಬೇಕೆಂದು ಹಾಸನದಿಂದ ಕಟ್ಟಿಕೊಂಡು ಬಂದ ಮಾತನ್ನೆಲ್ಲ ನುಂಗಿಕೊಂಡು, ತಟ್ಟೆಯನ್ನು ಎರಡೂ ಕೈಯಲ್ಲಿ ಅವಳ ಮುಂದಕ್ಕೆ ಸರಿಸಿದ.

“ಕಾಲು ಗಂಟೆ ಆಯ್ತಲ್ಲ! ಮೊದ್ಲು ಉಣ್ಣಿ. ಮಾತು ಎಲ್ಲಿಗೂ ಹೋಗಲ್ಲ.”

ಮಾನ್ಯ ಅವನನ್ನೇ ನೋಡುತ್ತ ಒಂದು ತುತ್ತು ಕಲಸಿ ಬಾಯಿಗಿಟ್ಟಳು. ಅಗಿದಳು. ನುಂಗಿದಳು. ಅಲ್ಲಿಯವರೆಗೂ ಅವನು ಉಸಿರಾಡಲಿಲ್ಲ.

ತಟ್ಟೆಯನ್ನು ಇಬ್ಬರ ನಡುವೆ ಇಟ್ಟು ಅವಳು ಮೆಲ್ಲಗೆ ಅಂದಳು:

“ಈಗ ಮುಟ್ಟಿ ಹೇಳಿ.”